ತಿಮಿಂಗಿಲ ಲೆಕ್ಕದ ಆಂಟಿ

ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿ ಎಣಿಸುವವರು ನಮ್ಮ ಅಜ್ಜಿಯ ಕಾಲಕ್ಕೇ ಮುಗಿದರು ಎಂದುಕೊಂಡಿದ್ದೆ. ಅಮೆರಿಕದ ಪಶ್ಚಿಮ ದಂಡೆಯ ಟೊರೆನ್ಸ್‌ನ ನನ್ನ ಮನೆಯಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ಸಮುದ್ರದಂಚಿನ ಎತ್ತರದ ಬಂಡೆಯ ಮೇಲೆ, ಮಡಿಸುವ ಕುರ್ಚಿಯಲ್ಲಿ ಕುಳಿತು ಒಬ್ಬರು ಹಾಗೆ ಎಣಿಸುತ್ತಿದ್ದರು. ಉಳಿದ ಸ್ವಯಂಸೇವಕರೆಲ್ಲರ ಕೈಯಲ್ಲೂ ಒತ್ತಿದರೆ ಅಂಕಿ ಏರುವ ಕ್ಲಿಕ್ಕರ್ ಇತ್ತು. ಇವರ ಕೈ ಖಾಲಿ. ಸೀರೆಯ ಮೇಲೆ ಗಂಡಸರ ಗಾಳಿಕೋಟು, ತಲೆಗೆ ಉಲ್ಲನ್ ಟೋಪಿ, ಮಡಿಲಲ್ಲಿ ಎಡಗೈ. ಹೆಬ್ಬೆರಳು ಮಾತ್ರ ಗೆಣ್ಣಿನಿಂದ ಗೆಣ್ಣಿಗೆ ಮೆಲ್ಲಗೆ ಜರುಗುತ್ತಿತ್ತು.

ಅದು 2021ರ ಡಿಸೆಂಬರ್, ಎರಡನೆಯ ಶನಿವಾರ. ಚಿಕ್ಕಂದಿನಿಂದಲೂ ನನಗೆ ದಿನಚರಿಯಲ್ಲಿ ಎಲ್ಲವನ್ನೂ ಎಣಿಸಿ ಬರೆಯುವ ಚಟ. ಆ ದಿನದ ಪುಟದಲ್ಲಿ ಹೀಗಿದೆ: "ಬೂದು ತಿಮಿಂಗಿಲ 4. ಡಾಲ್ಫಿನ್ ಲೆಕ್ಕ ತಪ್ಪಿತು. ಕನ್ನಡದವರು 1."

ಬೂದು ತಿಮಿಂಗಿಲಗಳು ಚಳಿಗಾಲದಲ್ಲಿ ಆರ್ಕ್ಟಿಕ್ ಕಡೆಯಿಂದ ಮೆಕ್ಸಿಕೋದ ಬೆಚ್ಚಗಿನ ಹಿನ್ನೀರಿಗೆ ಇಳಿಯುತ್ತವೆ. ಅಲ್ಲಿ ಮರಿ ಹಾಕಿ ವಸಂತದಲ್ಲಿ ಇದೇ ದಾರಿಯಲ್ಲಿ ಮರಳುತ್ತವೆ. ಹೋಗುವಾಗ ಎಷ್ಟು, ಬರುವಾಗ ಎಷ್ಟು, ಜೊತೆಗೆ ಮರಿ ಎಷ್ಟು ಎಂದು ಬೆಳಗಿನಿಂದ ಸಂಜೆಯವರೆಗೆ ಪಾಳಿಯ ಮೇಲೆ ಕೂತು ಎಣಿಸುವುದು ನಮ್ಮ ಗುಂಪಿನ ಕೆಲಸ. ಕೋವಿಡ್‌ನ ಒಂಟಿತನ ತಡೆಯಲಾರದೆ ನಾನು ಸೇರಿಕೊಂಡಿದ್ದೆ. ಮೊದಲ ದಿನವೇ ಬೆಂಗಳೂರಿನಿಂದ ಅಮ್ಮನ ಫೋನ್ ಬಂತು. ಎರಡು ನಿಮಿಷ ಮಾತಾಡಿರಬೇಕು, ಹಿಂದಿನಿಂದ ದನಿ ಬಂತು.

"ಬೆಂಗಳೂರಿನಾಕಿ ಏನವಾ?"

ತಿರುಗಿ ನೋಡಿದೆ. "ಹೌದು ಆಂಟಿ. ನೀವು?"

"ಧಾರವಾಡ. ಫೋನ್ ಆಮ್ಯಾಲೆ ಮಾಡು. ನೀ ನಿಮ್ಮಮ್ಮಗ ಉಪ್ಪಿಟ್ಟಿನ ಸುದ್ದಿ ಹೇಳೂದ್ರಾಗ ಎರಡು ದಾಟಿ ಹೋದ್ವು."

ಹೀಗೆ ಪರಿಚಯವಾದವರು ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ.

ಅವರು ಆಗ ಟೊರೆನ್ಸ್‌ನಲ್ಲಿ ಒಂದೇ ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದರು. ಅದಕ್ಕೆ ಮೊದಲು ಸುಮಾರು ನಲವತ್ತು ವರ್ಷ ಸ್ಯಾನ್ ಡಿಯಾಗೋ. ಗಂಡ ಹೋದ ಮೇಲೆ ಅಲ್ಲಿನ ಮನೆ ಮಾರಿ ಇಲ್ಲಿಗೆ ಬಂದಿದ್ದರು. ಒಬ್ಬಳೇ ಮಗಳು ಸ್ಯಾನ್ ಡಿಯಾಗೋದಲ್ಲೇ ಇದ್ದಾಳೆ. ಇಲ್ಲೂ ಸಮುದ್ರ ಇದೆಯಲ್ಲ ಅಮ್ಮ ಎಂದು ಅವಳು ಇಂಗ್ಲಿಷಿನಲ್ಲಿ ಜಗಳ ಮಾಡಿದ್ದಳಂತೆ. "ಸಮುದ್ರ ಅದ, ದಿನಾ ಕೂತು ಎಣಸೋರು ಇಲ್ಲ" ಎಂದು ಇವರು ಕನ್ನಡದಲ್ಲಿ ಉತ್ತರ ಕೊಟ್ಟಿದ್ದರಂತೆ. ತಾಯಿ ಮಗಳು ಯಾವತ್ತೂ ಹಾಗೆಯೇ, ಒಬ್ಬರ ಭಾಷೆ ಒಬ್ಬರಿಗೆ ಪೂರ್ತಿ ಅರ್ಥವಾಗುತ್ತಿತ್ತು, ಒಬ್ಬರೂ ಬಿಟ್ಟುಕೊಡುತ್ತಿರಲಿಲ್ಲ.

ಅವರು ಏನು ಕೆಲಸ ಮಾಡುತ್ತಿದ್ದರೆಂದು ತಿಳಿದದ್ದು ಒಂದು ಭಾನುವಾರ, ಅವರ ಮನೆಯಲ್ಲಿ ಜೋಳದ ರೊಟ್ಟಿ ತಿನ್ನುವಾಗ. ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್‌ಸಿ. ಮಾಡಿ, ಮದುವೆಯಾಗಿ ಬಂದು, ಮೀನುಗಾರಿಕೆಯ ಸಂಶೋಧನೆ ನಡೆಸುವ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಹಳೆಯ ಬೇಟೆಯ ಹಡಗುಗಳ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಿಸುವುದು ಮೊದಲ ಕೆಲಸ. ಕೊಂದ ಒಂದೊಂದು ತಿಮಿಂಗಿಲಕ್ಕೂ ಒಂದು ಸಾಲು: ಯಾವ ಜಾತಿ, ಗಂಡೋ ಹೆಣ್ಣೋ, ಎಷ್ಟುದ್ದ, ಹೊಟ್ಟೆಯಲ್ಲಿ ಮರಿ ಇತ್ತೋ ಇಲ್ಲವೋ.

"ಸಮುದ್ರಾನ ನೋಡಿರದಾಕಿ ನಾನು" ಎಂದರು. "ಮೊದಲನೇ ಸಲ ತಿಮಿಂಗಿಲ ಕಂಡದ್ದು ಸಾಲಿನ್ಯಾಗ. ಜೀವಂತ ಕಂಡದ್ದು ಎರಡು ವರ್ಷ ಬಿಟ್ಟು."

ಒಂದು ಉದ್ದಕ್ಕಿಂತ ಚಿಕ್ಕದನ್ನು ಹೊಡೆಯಬಾರದೆಂದು ಅಂತಾರಾಷ್ಟ್ರೀಯ ನಿಯಮವಿತ್ತು. ದಾಖಲೆಗಳಲ್ಲಿ ನೋಡಿದರೆ ಆ ಉದ್ದಕ್ಕಿಂತ ಕೂದಲೆಳೆ ಹೆಚ್ಚಿನವೇ ರಾಶಿ ರಾಶಿ, ಒಂದಡಿ ಕಡಿಮೆಯವು ಇಲ್ಲವೇ ಇಲ್ಲ. "ಎಲ್ಲಾ ತಿಮಿಂಗಿಲಾನೂ ಕಾನೂನು ಓದ್ಕೊಂಡ ಹುಟ್ಟಿದ್ವು ನೋಡು" ಎಂದು ನಗುತ್ತಿದ್ದರು. ಮರಿಯ ಜೊತೆಗಿರುವ ತಾಯಿಯನ್ನು ಹೊಡೆಯಬಾರದೆಂಬ ನಿಯಮವೂ ಇತ್ತು. ಅದರ ಬಗ್ಗೆ ಹೇಳುವಾಗ ನಗುತ್ತಿರಲಿಲ್ಲ.

"ಇಡೀ ಸೀಸನ್ನಿನ್ಯಾಗ ಹಾಲು ಕುಡಿಸೋ ತಾಯಿ ಒಂದೂ ಸಿಕ್ಕಿಲ್ಲ ಅಂತ ಬರದಾರ. ಒಂದ ಹಡಗಲ್ಲ, ಹತ್ತು ಹಡಗು. ಹಂಗಾರ ಮರಿಗೋಳು ಎಲ್ಲಿಂದ ಬಂದ್ವು? ಆಕಾಶದಿಂದ ಉದುರಿದ್ವೇನು?"

ಒಂದು ದೊಡ್ಡ ದೇಶ ದಶಕಗಟ್ಟಲೆ ಸುಳ್ಳು ಅಂಕಿ ಕೊಟ್ಟಿತ್ತು. ಆ ದೇಶ ಒಡೆದ ಮೇಲೆ ಅಲ್ಲಿನ ವಿಜ್ಞಾನಿಗಳೇ ಮುಚ್ಚಿಟ್ಟಿದ್ದ ನಿಜವಾದ ಅಂಕಿಗಳನ್ನು ಹೊರಗೆ ತಂದರು. ಆಂಟಿ ಹಿಂದೆ ತಾವೇ ತುಂಬಿಸಿದ್ದ ಸಾಲುಗಳನ್ನು ಅಳಿಸಿ ಮತ್ತೆ ತುಂಬಿಸಬೇಕಾಯಿತು. "ದಿನಾ ಮುಂಜಾನೆ ಡಬ್ಬಿ ತಗೊಂಡು ಹೋಗೂದು, ಸತ್ತವರ ಸಂಖ್ಯೆ ಹೆಚ್ಚು ಮಾಡಿ ಸಂಜೀಗೆ ಮನೀಗ ಬರೂದು. ನಮ್ಮನಿಯವ್ರು ಕೇಳ್ತಿದ್ರು, ಇವತ್ತೆಷ್ಟು ಅಂತ. ನಾ ಹೇಳಿದ ಮ್ಯಾಲೆ ಅವ್ರಿಗೂ ಊಟ ಸೇರ್ತಿದ್ದಿಲ್ಲ."

ಕೋಟಾ ಎಂಬುದರ ಹಳೆಯ ಕಥೆಯನ್ನೂ ಆ ರೊಟ್ಟಿಯ ಮುಂದೆಯೇ ಕೇಳಿದೆ. ಮೊದಲು ದಕ್ಷಿಣ ಧ್ರುವದ ಕಡೆ ವರ್ಷಕ್ಕಿಷ್ಟು ಎಂದು ಕೋಟಾ ಕಟ್ಟುತ್ತಿದ್ದದ್ದು ಜಾತಿಯ ಮೇಲಲ್ಲ, ಕೊಬ್ಬಿನಿಂದ ತೆಗೆಯುವ ಎಣ್ಣೆಯ ಮೇಲೆ. ಒಂದು ನೀಲಿ ತಿಮಿಂಗಿಲ ಎಂದರೆ ಎರಡು ಫಿನ್ ತಿಮಿಂಗಿಲ, ಅಥವಾ ಎರಡೂವರೆ ಹಂಪ್‌ಬ್ಯಾಕ್, ಅಥವಾ ಆರು ಸೇಯ್ ತಿಮಿಂಗಿಲ. ಯಾವುದನ್ನು ಹೊಡೆದರೂ ಸರಿ, ಒಟ್ಟು ಕೂಡಿದರೆ ಆಯಿತು.

"ಎರಡೂವರಿ ಹಂಪ್‌ಬ್ಯಾಕ್!" ಆಂಟಿ ರೊಟ್ಟಿಯನ್ನು ನಡುವೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. "ಅರ್ಧಾ ಹಂಪ್‌ಬ್ಯಾಕ್ ಹ್ಯಾಂಗ ಈಸ್ತದ, ಹೇಳು? ಶಾಣ್ಯಾ ಶಾಣ್ಯಾ ಮಂದಿ ಕೂತು ಮಾಡಿದ ಲೆಕ್ಕ ಇದು. ಅವರೇನು ಕೆಟ್ಟವರಲ್ಲ. ಎಣ್ಣಿ ಪೀಪಾಯಿ ಎದುರಿಗಿತ್ತು, ಅದನ್ನ ಎಣಸಿದ್ರು. ಪ್ರಾಣಿ ದೂರ ಇತ್ತು."

ವಾಣಿಜ್ಯ ಬೇಟೆಗೆ ಎಂಬತ್ತರ ದಶಕದಲ್ಲಿ ತಡೆ ಬಿತ್ತು. ಮುಂದೆ ಎಂದಾದರೂ ಮತ್ತೆ ಶುರುವಾದರೆ ಎಷ್ಟು ಹೊಡೆದರೆ ಅಪಾಯವಿಲ್ಲ ಎಂದು ಹೇಳಬಲ್ಲ ಒಂದು ಲೆಕ್ಕದ ಕ್ರಮವನ್ನು ಹಲವು ದೇಶಗಳ ತಜ್ಞರು ವರ್ಷಗಟ್ಟಲೆ ಕೂತು ಕಟ್ಟಿದರು. ಆಂಟಿ ಆ ದೊಡ್ಡ ಗುಂಪಿನಲ್ಲಿ ಕೊನೆಯ ಸಾಲಿನವರು. ಬೇಟೆಗಾರರು ಸುಳ್ಳು ಹೇಳಿದರೂ, ಎಣಿಸುವವರು ತಪ್ಪಿದರೂ ತಿಮಿಂಗಿಲಗಳು ಉಳಿಯುವಂತೆ ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಓಡಿಸಿ ನೋಡಿದ್ದರು. ವಾಣಿಜ್ಯ ಬೇಟೆಗೆ ಅದನ್ನು ತಿಮಿಂಗಿಲ ಬೇಟೆಯ ಅಂತಾರಾಷ್ಟ್ರೀಯ ಆಯೋಗ ಒಮ್ಮೆಯೂ ಬಳಸಲಿಲ್ಲ. "ನಾ ಮಾಡಿದ್ದು ಯಾರೂ ಬಳಸಬಾರ್ದು ಅಂತ ದಿನಾ ದೇವರ ಮುಂದ ಬೇಡ್ಕೊಂಡಾಕಿ ನಾ ಒಬ್ಬಾಕಿನ ಇರಬೇಕು" ಎನ್ನುತ್ತಿದ್ದರು.

ಆದರೆ ಅದೇ ಬಗೆಯ ಇನ್ನೊಂದು ಲೆಕ್ಕ ಬಳಕೆಯಲ್ಲಿತ್ತು. ಆರ್ಕ್ಟಿಕ್ ದಂಡೆಯ ಮೂಲನಿವಾಸಿಗಳಿಗೆ ಬೂದು ತಿಮಿಂಗಿಲ ಊಟ. ಅವರು ವರ್ಷಕ್ಕೆ ಎಷ್ಟು ಹೊಡೆಯಬಹುದೆಂಬ ಮಿತಿಯ ಲೆಕ್ಕದಲ್ಲಿ ಆಂಟಿಯ ಕೈಯೂ ಇತ್ತು. ಬೂದು ತಿಮಿಂಗಿಲ ಚೆನ್ನಾಗಿ ಚೇತರಿಸಿಕೊಂಡಿದೆ, ಸಮುದ್ರ ಹಿಡಿಸುವಷ್ಟು ತುಂಬಿದೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಆಮೇಲೆ, 2019ರಿಂದ, ಅಲಾಸ್ಕಾದಿಂದ ಮೆಕ್ಸಿಕೋವರೆಗೆ ಬೂದು ತಿಮಿಂಗಿಲಗಳು ಬಡಕಲಾಗಿ ಸತ್ತು ದಡಕ್ಕೆ ಬೀಳತೊಡಗಿದವು.

ಆಂಟಿ ಸ್ಯಾನ್ ಡಿಯಾಗೋ ಬಿಟ್ಟು ಬಂಡೆಯ ಹತ್ತಿರ ಬಂದದ್ದು ಇದಕ್ಕೇ. ಅವರೇ ನೇರವಾಗಿ ಹೇಳಿದ್ದರು. "ನನ್ನ ಅಂಕಿ ಇನ್ನೂ ನಡೀಲಿಕ್ಕತ್ತದವಾ. ಅದು ಖರೇನೋ ಸುಳ್ಳೋ ನಂಗ ತಿಳೀಬೇಕು. ಮರಿ ಸಂಖ್ಯೆ ಮ್ಯಾಲೆ ಬಂದ್ರ ಖರೇ. ಕಣ್ಣು ಪೂರ್ತಿ ಹೋಗೂದ್ರೊಳಗ ಅದನ್ನ ನೋಡಿಬಿಡಬೇಕು."

ಕಣ್ಣಿನ ವಿಷಯ ಆಗಲೇ ನನಗೆ ಅನುಮಾನವಿತ್ತು. ಅವರು ಸಮುದ್ರವನ್ನು ನೋಡುವಾಗ ಮುಖ ಬೇರೆ ಕಡೆ ತಿರುಗಿರುತ್ತಿತ್ತು, ಯಾರ ಮೇಲೋ ಮುನಿಸಿಕೊಂಡವರ ಹಾಗೆ. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿತ್ತು. ನೆಟ್ಟ ನೋಟಕ್ಕೆ ಕಲೆ, ಅಂಚಿಗೆ ಮಾತ್ರ ಬೆಳಕು. "ಹುಡುಗಿ ಇದ್ದಾಗ ಓರೆಗಣ್ಣಿಲೆ ನೋಡಿದ್ರ ನಮ್ಮವ್ವ ಹೊಡೀತಿದ್ಲು. ಈಗ ನೋಡು, ಅದಽ ಕೆಲಸಕ್ಕ ಬಂತು" ಎಂದರು. ದೂರದ ನೀರಿನಲ್ಲಿ ತಿಮಿಂಗಿಲ ಉಸಿರು ಬಿಟ್ಟಾಗ ಏಳುವ ಬಿಳಿ ತುಂತುರನ್ನು ಕಣ್ಣಿನ ಅಂಚಿನಲ್ಲೇ ಹಿಡಿಯುತ್ತಿದ್ದರು. ಬಹಳ ಸಲ ನನಗಿಂತ ಮೊದಲು.

ರೆಡೊಂಡೊ ಬೀಚ್‌ನಲ್ಲಿ ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದಾಗ ಒಬ್ಬರು ಎಂಜಿನಿಯರ್ ಆಂಟಿಯನ್ನು ಕೆಣಕಿದರು. "ಏನ್ ಆಂಟಿ, ಈರುಳ್ಳಿನೂ ಮುಟ್ಟದೇ ಇರೋರು ನೀವು, ತಿಮಿಂಗಿಲ ಎಷ್ಟು ಕೊಲ್ಲಬಹುದು ಅಂತ ಲೆಕ್ಕ ಹಾಕ್ತಿದ್ರಂತೆ?"

"ಹೂಂನಪ್ಪಾ. ನಾ ಲೆಕ್ಕಾ ಹಾಕದಿದ್ರ ಅವು ಬದುಕ್ತಿದ್ವು ಅನ್ಕೊಂಡೀಯೇನು? ಲೆಕ್ಕಾನ ಇಲ್ದ ಹೊಡೀತಿದ್ರು. ಮತ್ತ ನಾ ಈರುಳ್ಳಿ ತಿಂತೀನಿ, ನಿನಗ ಯಾರ್ ಹೇಳಿದ್ರು? ಹಾಕು ಇಲ್ಲೆ ಎರಡು ಪಕೋಡಾ."

ಎಲ್ಲರೂ ನಕ್ಕರು. ಬಂಡೆಯ ಮೇಲೆ ಅದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ನಮ್ಮ ಗುಂಪಿನಲ್ಲಿ ತಿಮಿಂಗಿಲದ ಬಾಲದಾಕಾರದ ಓಲೆ ಹಾಕುವ ಒಬ್ಬ ಹೆಂಗಸಿದ್ದರು, ನಿವೃತ್ತ ನರ್ಸ್, ಮೃದು ಮನಸ್ಸಿನವರು. ಆಂಟಿಯ ಹಳೆಯ ಕೆಲಸದ ಸುದ್ದಿ ಅವರ ಕಿವಿಗೆ ಬಿದ್ದ ದಿನ, ಅವರು ತಮ್ಮ ಕುರ್ಚಿಯನ್ನು ಎತ್ತಿಕೊಂಡು ಸಾಲಿನ ಇನ್ನೊಂದು ತುದಿಗೆ ಹೋಗಿ ಕುಳಿತರು. ಅಳುತ್ತಿದ್ದರು ಎಂದು ಆಮೇಲೆ ಯಾರೋ ಹೇಳಿದರು. ಆ ದಿನ ಆಂಟಿ ತಂದಿದ್ದ ಒಗ್ಗರಣೆ ಚುರಮುರಿಯ ಡಬ್ಬಿ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿ, ಆ ತುದಿಯಲ್ಲಿ ಮುಚ್ಚಳ ತೆಗೆಯದೆ ತಿರುಗಿ ಬಂತು. ಅವರು ಅದನ್ನು ಚೀಲದೊಳಗಿಟ್ಟು ಸಮುದ್ರದ ಕಡೆ ಓರೆಯಾಗಿ ಕುಳಿತರು.

2022ರ ವಸಂತದಲ್ಲಿ ನಮ್ಮ ಮನೆಗಳಿಗೆ ಹತ್ತಿರದ ಸೌತ್ ಬೇ ಕಡೆಯ ಒಂದು ಮರಳದಂಡೆಗೆ ಸತ್ತ ಬೂದು ತಿಮಿಂಗಿಲ ಬಂದು ಬಿತ್ತು. ಆಫೀಸಿಗೆ ರಜೆ ಹಾಕಿ ಆಂಟಿಯನ್ನು ಕರೆದುಕೊಂಡು ಹೋದೆ. ಹಳದಿ ಟೇಪಿನ ಸುತ್ತ ಜನ, ಮಕ್ಕಳು, ಫೋನುಗಳು. ಆಂಟಿ ಟೇಪಿನ ಹತ್ತಿರ ಹೋಗುವ ಮೊದಲು ಚಪ್ಪಲಿ ಬಿಟ್ಟರು. ಯಾರಾದರೂ ಬೇರೆಯವರು ಹಾಗೆ ಮಾಡಿದ್ದರೆ ನನಗೆ ನಾಟಕ ಅನ್ನಿಸುತ್ತಿತ್ತೇನೋ. ಅವರು ಮನೆಯೊಳಗೆ ಹೋಗುವಾಗ ಬಿಡುವಷ್ಟೇ ಸಹಜವಾಗಿ ಬಿಟ್ಟು, ಒದ್ದೆ ಮರಳಿನಲ್ಲಿ ನಿಂತರು.

"ತಲಿ ಹಿಂದ ನೋಡು. ತಗ್ಗು ಬಿದ್ದದಲ್ಲ? ಅಲ್ಲಿ ಕೊಬ್ಬು ಇರಬೇಕಾಗಿತ್ತು. ಹಸಿವಿಲೆ ಸತ್ತದ ಇದು."

ಆರ್ಕ್ಟಿಕ್‌ನ ಕೆಸರಿನಲ್ಲಿ ಅವು ತಿನ್ನುವ ಸೀಗಡಿಯಂಥ ಸಣ್ಣ ಜೀವಿಗಳು ಕಡಿಮೆಯಾಗುತ್ತಿವೆ, ಅಲ್ಲಿನ ಹಿಮ ಕರಗಿ ಎಲ್ಲ ಏರುಪೇರಾಗಿದೆ ಎಂದು ವಿವರಿಸಿದರು. ಆಮೇಲೆ, "ಹೊಡಿಯೋರ ಸುಳ್ಳಿಗೆ ನಮ್ಮ ಲೆಕ್ಕದಾಗ ಜಾಗಾ ಇಟ್ಟಿದ್ವಿ. ಹಸಿವಿಗೂ ಒಂದಿಷ್ಟು ಇಟ್ಟಿದ್ವಿ. ಇಷ್ಟಕ್ಕಲ್ಲ" ಎಂದರು.

ಹಿಂದಿರುಗಿ ಮನೆಯ ಮುಂದೆ ಕಾರಿನಿಂದ ಇಳಿಯುವಾಗ, "ಹೆಣ್ಣು ಅದು. ನೋಡಿದೇನು?" ಎಂದು ಕೇಳಿದರು. ನಾನು ನೋಡಿರಲಿಲ್ಲ.

ಅವರ ಜೊತೆ ಕಳೆದ ದಿನಗಳಲ್ಲಿ ಪೂರ್ತಿ ಸಂತೋಷದ್ದು ಎಂದರೆ 2023ರ ಮೇ ತಿಂಗಳ ಒಂದು ಭಾನುವಾರ. ಆ ವಸಂತದಲ್ಲಿ ಮರಿಗಳು ಹಿಂದಿನ ವರ್ಷಕ್ಕಿಂತ ಹೆಚ್ಚು ಬಂದವು. ತಾಯಿ ಮುಂದೆ, ಪಕ್ಕಕ್ಕೆ ಅಂಟಿದ ಹಾಗೆ ಮರಿ, ದೊಡ್ಡ ತುಂತುರಿನ ಮಗ್ಗುಲಿಗೆ ಪುಟ್ಟ ತುಂತುರು. ಆಂಟಿ ಗೋಧಿ ಹುಗ್ಗಿ ಮಾಡಿ ದೊಡ್ಡ ಪಾತ್ರೆಯಲ್ಲಿ ಬಂಡೆಗೆ ತಂದರು. ಅಮೆರಿಕನ್ನರು ಕಾಗದದ ಕಪ್ಪಿನಲ್ಲಿ ಹಾಕಿಸಿಕೊಂಡು ಇದೇನು ಸ್ವೀಟ್ ಓಟ್‌ಮೀಲಾ ಎಂದು ಕೇಳಿದರು. ಓಲೆಯ ಹೆಂಗಸು ಕೂಡ ಆ ದಿನ ಕುರ್ಚಿಯನ್ನು ಸಾಲಿನ ನಡುವಿನವರೆಗೆ ತಂದಿದ್ದರು, ಒಂದು ಕಪ್ ತಿಂದು ಇನ್ನೊಂದು ಕೇಳಿದರು. ಆ ವರ್ಷದ ಕೊನೆಗೆ, ತಿಮಿಂಗಿಲಗಳ ಆ ಸಾಮೂಹಿಕ ಸಾವು ನಿಂತಿದೆ ಎಂದು ಸರ್ಕಾರದ ವಿಜ್ಞಾನಿಗಳೂ ಹೇಳಿದರು. ಆಂಟಿ ನನಗೆ ಫೋನ್ ಮಾಡಿ, "ಒಂದು ವರ್ಷದ ಅಂಕಿ ಅಂಕಿ ಅಲ್ಲ. ಆದ್ರೂ ಇವತ್ತ ಖುಷಿ ಪಡೂಣು" ಎಂದರು.

ಮುಂದಿನ ವಸಂತದಲ್ಲಿ ಮರಿಗಳ ಸಂಖ್ಯೆ ಮತ್ತೆ ಕುಸಿಯಿತು.

2024ರ ಏಪ್ರಿಲ್ ತಿಂಗಳಿಡೀ ನಾವು ಖಾಲಿ ನೀರನ್ನು ನೋಡಿದೆವು. ಆಂಟಿಯ ಕಣ್ಣಿನ ಕಲೆಯೂ ಅಷ್ಟರಲ್ಲಿ ಹರಡಿತ್ತು. ಡ್ರೈವಿಂಗ್ ಬಿಟ್ಟಿದ್ದರು. ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿಯುತ್ತಿದ್ದರು, ಬಂಡೆಯ ಹತ್ತಿರ ಬರುತ್ತಲೇ ಬಿಟ್ಟುಬಿಡುತ್ತಿದ್ದರು. ನಮ್ಮ ಪಾಳಿಯ ಮುಖ್ಯಸ್ಥರು ಅಲ್ಲಿ ನೋಡುತ್ತಿರುತ್ತಾರೆಂದು. ಕಣ್ಣು ಸರಿಯಿಲ್ಲದವರನ್ನು ಎಣಿಕೆಗೆ ಕೂರಿಸುವಂತಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಆ ಮುಖ್ಯಸ್ಥರಿಗೂ ಗೊತ್ತಿತ್ತು ಎಂದು ನನ್ನ ಊಹೆ. ನಿವೃತ್ತ ಶಾಲಾ ಮೇಷ್ಟ್ರು ಅವರು, ಕಂಡರೂ ಕಾಣದವರ ಹಾಗಿದ್ದರು. ಒಬ್ಬರೇ ಕಂಡದ್ದು ಲೆಕ್ಕಕ್ಕೆ ಸೇರುವುದಿಲ್ಲ, ಇಬ್ಬರು ಕಂಡರೆ ಮಾತ್ರ ಬರೆಯುವುದು ನಮ್ಮ ಗುಂಪಿನ ನಿಯಮ. ಅದರಿಂದ ತೊಂದರೆಯಿಲ್ಲ ಎಂದುಕೊಂಡಿರಬೇಕು.

ಮೇ ಮೊದಲ ವಾರದ ಒಂದು ಬೆಳಿಗ್ಗೆ. ಒಂದೇ ದೊಡ್ಡ ತಿಮಿಂಗಿಲ ದಡಕ್ಕೆ ಹತ್ತಿರವಾಗಿ ಉತ್ತರಕ್ಕೆ ಹೋಗುತ್ತಿತ್ತು. ಎಲ್ಲರೂ ನೋಡಿದೆವು, ಬರೆದೆವು. ಅದು ಮುಳುಗಿ, ಎದ್ದು, ಮತ್ತೆ ಮುಳುಗಿತು.

"ಮರಿ!" ಆಂಟಿ ಕುರ್ಚಿಯಿಂದ ಅರ್ಧ ಎದ್ದಿದ್ದರು. "ಹಿಂದ ಮರಿ ಅದ! ನೋಡ್ರಿ, ನೋಡ್ರಿ!" ಆಮೇಲೆ ಇಂಗ್ಲಿಷಿನಲ್ಲಿ ಅದನ್ನೇ ಕೂಗಿದರು.

ಎಲ್ಲರ ದುರ್ಬೀನುಗಳೂ ಆ ಕಡೆ ತಿರುಗಿದವು. ನಾನೂ ನೋಡಿದೆ. ದೊಡ್ಡದು ಎದ್ದಿತು, ಉಸಿರು ಬಿಟ್ಟಿತು. ಪಕ್ಕದಲ್ಲಿ ಅಲೆ ಒಡೆದ ನೊರೆ. ಮತ್ತೆ ಎದ್ದಿತು. ನೊರೆಯೂ ಇಲ್ಲ.

ಮೇಷ್ಟ್ರು ಮೆಲ್ಲಗೆ ಕೇಳಿದರು, ಬೇರೆ ಯಾರಾದರೂ ಮರಿಯನ್ನು ನೋಡಿದಿರಾ ಎಂದು. ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಆಗ ಆಂಟಿಯ ಪಕ್ಕದಲ್ಲಿ ಕುಳಿತಿದ್ದ ಓಲೆಯ ಹೆಂಗಸು ಬಾಯಿಬಿಟ್ಟರು. "ನಾನು ನೋಡಿದೆ ಅನ್ನಿಸುತ್ತೆ. ಚಿಕ್ಕದೊಂದು ತುಂತುರು. ಹೌದು, ನಾನೂ ನೋಡಿದೆ."

ಮೇಷ್ಟ್ರ ಪೆನ್ನು ಕಾಗದದ ಮೇಲೆ ಇಳಿಯಿತು. ಇಬ್ಬರು ನೋಡಿದ್ದರು, ನಿಯಮ ಪೂರ್ತಿಯಾಗಿತ್ತು.

"ಬೇಡ," ಆಂಟಿ ಇಂಗ್ಲಿಷಿನಲ್ಲೇ ಹೇಳಿದರು. "ಬರೆಯಬೇಡಿ. ಅವರು ಆಗ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಅಷ್ಟು ದೂರದ್ದು ನನಗೆ ಕಾಣುತ್ತದೋ ಇಲ್ಲವೋ, ಪಕ್ಕದ ಕಾಫಿ ಕಾಣುತ್ತದೆ." ಆ ಹೆಂಗಸಿನ ಮುಖ ಕೆಂಪಾಯಿತು. ಆಂಟಿ ಅವರ ಕಡೆ ಕೈಚಾಚಿ ಮೊಣಕಾಲು ಮುಟ್ಟಿ, ಥ್ಯಾಂಕ್ಯೂ ಎಂದರು.

ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ತಿಳಿಯದ ಭಾಷೆಯಲ್ಲಿ ಹೇಳಿದರು. "ನಾನೂ ನೋಡಲಿಲ್ಲವಾ. ನಂಗ ಬೇಕಾಗಿತ್ತು. ಬೇಕಾಗಿದ್ದು ಕಂಡುಬಿಡ್ತು."

ಸ್ವಲ್ಪ ಹೊತ್ತಿನ ಮೇಲೆ, "ಆ ಹಡಗಿನವ್ರೂ ಹಿಂಗ ಬರದಿರಬೇಕು. ಎಲ್ಲಾರೂ ಬೇಕಂತ ಸುಳ್ಳ ಬರದ್ರು ಅಂತ ಬಯ್ಕೋತ ಬಂದೆ. ಕೆಲವರಿಗರ ಹಿಂಗ ಕಂಡಿರಬೇಕು" ಎಂದರು.

ಪಾಳಿ ಮುಗಿಯುವವರೆಗೆ ಕುಳಿತಿದ್ದರು. ಎದ್ದು ಕುರ್ಚಿಯನ್ನು ಮಡಿಸಿ ಮೇಷ್ಟ್ರಿಗೆ ಕೊಟ್ಟರು, ಹೊಸಬರು ಯಾರಾದರೂ ಬಂದರೆ ಇಟ್ಟುಕೊಳ್ಳಿ ಎಂದು. ನಾಳೆ ಬರುವುದಿಲ್ಲವೇ ಎಂದು ಮೇಷ್ಟ್ರು ಕೇಳಿದರು. ನಾಳೆ ನನ್ನ ಕಣ್ಣು ಇವತ್ತಿಗಿಂತ ಚೆನ್ನಾಗಿರುವುದಿಲ್ಲ ಎಂದು ಆಂಟಿ ಹೇಳಿದರು. ಆ ದಿನದ ನನ್ನ ಪುಟದಲ್ಲಿ ಹೀಗಿದೆ: "ಉತ್ತರಕ್ಕೆ 1. ಮರಿ ಇಲ್ಲ." ಇನ್ನೇನನ್ನೂ ಬರೆಯಲು ಆಗಲಿಲ್ಲ.

ಆ ಬೇಸಿಗೆಯಲ್ಲಿ ಮಗಳು ಬಂದು ಅವರನ್ನು ಸ್ಯಾನ್ ಡಿಯಾಗೋಗೆ ಕರೆದುಕೊಂಡು ಹೋದಳು. ಮನೆ ಖಾಲಿ ಮಾಡುವ ದಿನ ನಾನು ಹೋಗಿದ್ದೆ. ರೊಟ್ಟಿಯ ಹಂಚು ನನಗೆ ಸಿಕ್ಕಿತು. ತಿಂಗಳಿಗೊಮ್ಮೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಟ್ರಾಫಿಕ್ ಇದ್ದರೆ ಮೂರು ಗಂಟೆಯ ದಾರಿ, ಆದರೂ ಹೆಚ್ಚು ಕಡಿಮೆ ಹೋದೆ. ಚಳಿಗಾಲ ಬರುವ ಹೊತ್ತಿಗೆ ಕಣ್ಣಿನ ಜೊತೆ ಹೃದಯವೂ ಸೋತಿತ್ತು. ಪ್ರತಿ ಸಲವೂ ಎಣಿಕೆ ಕೇಳುತ್ತಿದ್ದರು, ಹೋಗುವಾಗಿನದು ಎಷ್ಟು, ಬರುವಾಗಿನದು ಎಷ್ಟು. ಮರಿಗಳ ಕಾಲ ಬರುವುದನ್ನು ಕಾಯುತ್ತಿದ್ದರು.

ಕೊನೆಯ ಸಲ ಹೋದದ್ದು 2025ರ ಮೇ ಕೊನೆಯ ಶನಿವಾರ. ಹಾಲ್‌ನಲ್ಲಿ ಆಸ್ಪತ್ರೆಯ ಮಂಚ ಹಾಕಿದ್ದರು. ಮಗಳು ಬಾಗಿಲ ಹೊರಗೇ ನನ್ನನ್ನು ತಡೆದು ನಿಲ್ಲಿಸಿದಳು. ನಿದ್ದೆಯಿಲ್ಲದ ಮುಖ. ನನಗಿಂತ ಹತ್ತು ವರ್ಷ ದೊಡ್ಡವಳು, ಆ ದಿನ ತೀರ ಚಿಕ್ಕವಳಂತೆ ಕಂಡಳು. ಇಂಗ್ಲಿಷಿನಲ್ಲಿ ಪಿಸುದನಿಯಲ್ಲಿ ಹೇಳಿದಳು.

"ಅಮ್ಮ ಬೆಳಿಗ್ಗೆಯಿಂದ ನೀನು ಯಾವಾಗ ಬರ್ತೀಯ ಅಂತ ಕೇಳ್ತಿದ್ದಾಳೆ. ಆ ಮರಿಗಳ ನಂಬರ್ ಬೇಕಂತೆ. ಪ್ಲೀಸ್, ಒಂದು ಒಳ್ಳೇ ನಂಬರ್ ಹೇಳು. ಅವಳು ಇನ್ನು ಅದನ್ನ ಚೆಕ್ ಮಾಡೋಕೆ ಹೋಗಲ್ಲ."

ನಾನು ಬಗ್ಗಿ ಚಪ್ಪಲಿ ಕಳಚಿದೆ. ಒಪ್ಪಿದೆ ಎಂದುಕೊಂಡಳೋ ಏನೋ, ದಾರಿ ಬಿಟ್ಟಳು.

ಆಂಟಿ ಗೋಡೆಯ ಕಡೆ ಮುಖ ಮಾಡಿದ್ದರು. ಅಂದರೆ ನನ್ನನ್ನು ನೋಡುತ್ತಿದ್ದರು. "ಬಂದೇನವಾ? ಕೂಡು. ಊಟ ಆತೇನು?"

"ಆಯ್ತು ಆಂಟಿ."

"ಸುಳ್ಳ. ಇರಲಿ. ಮರಿ ಎಷ್ಟು?"

ಮಗಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಅವಳ ಕಡೆ ನೋಡದೆ ಅಂಕಿ ಹೇಳಿದೆ, ಇದ್ದದ್ದನ್ನೇ. ಕಳೆದ ವರ್ಷದ ಅರ್ಧವೂ ಇರಲಿಲ್ಲ ಅದು.

ಅವರು ಕೇಳಿದರು, "ಮಂಜು ಭಾಳ ಇತ್ತೇನು?"

ಮಂಜು ಕವಿದ ದಿನಗಳು ಹೆಚ್ಚಿದ್ದರೆ ಕಾಣದೆ ಹೋದವು ಹೆಚ್ಚು, ಎಣಿಕೆ ಕಡಿಮೆ ಬರುತ್ತದೆ. ಅದೊಂದು ಬಾಗಿಲು ತೆರೆದಿತ್ತು. ನನ್ನ ದಿನಚರಿಯಲ್ಲಿ ಮಂಜಿನ ದಿನಗಳ ಗುರುತೂ ಇತ್ತು.

"ಇಲ್ಲ ಆಂಟಿ. ಹೋದ ವರ್ಷಕ್ಕಿಂತ ಕಮ್ಮಿನೇ ಇತ್ತು."

"ಮಂದಿ ಕಡಿಮಿ ಬಂದ್ರೇನು ಎಣಸಲಿಕ್ಕೆ?"

"ಇಲ್ಲ. ಪಾಳಿ ಎಲ್ಲಾ ತುಂಬಿತ್ತು." ಆಗ ನನಗೇ ತಡೆಯಲಾಗಲಿಲ್ಲ. "ದೂರದಿಂದ ಹೋಗಿರಬಹುದಲ್ವಾ ಆಂಟಿ? ಎದುರಿನ ದ್ವೀಪದ ಆಚೆಯಿಂದ. ನಮಗೆ ಕಾಣದೆ."

"ಇಲ್ಲವಾ." ಅವರ ದನಿ ಮೆತ್ತಗಾಯಿತು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ. "ಗಂಡು ಹೋದೀತು. ಒಂಟಿ ಹೆಣ್ಣೂ ಹೋದೀತು. ಮರಿ ಕಟ್ಕೊಂಡಾಕಿ ದಂಡಿ ಬಿಟ್ಟು ಹೋಗೂದಿಲ್ಲ. ಹಂಗಾರ ಖರೇನ ಕಡಿಮಿ ಆಗ್ಯಾವ."

ಮಗಳು ಅಲ್ಲಿಂದ ಒಳ ಕೋಣೆಗೆ ಹೋದಳು. ಬಾಗಿಲು ಜೋರಾಗಿ ಹಾಕಿಕೊಳ್ಳಲಿಲ್ಲ, ಆದರೂ ಸದ್ದು ಕೇಳಿಸಿತು.

"ಅಲ್ಲಿ ಆರ್ಕ್ಟಿಕ್ ದಂಡಿಗೆ ಬೇಟೆ ಇನ್ನೂ ನಮ್ಮ ಹಳೇ ಲೆಕ್ಕದ ಮ್ಯಾಲೇನ ನಡದದೇನು?" ಆಂಟಿ ಕೇಳಿದರು.

"ಹೌದು, ನನಗೆ ಗೊತ್ತಿರೋ ಹಾಗೆ."

"ನಮ್ಮದು ಹಳೇದಾತು. ಸಮುದ್ರ ಬ್ಯಾರೆ ಆಗ್ಯದ. ಮತ್ತೊಮ್ಮೆ ಮೊದಲಿಂದ ಮಾಡಬೇಕು." ದಿಂಬಿನ ಮೇಲೆ ಮೊಣಕೈ ಊರಿ ಏಳಲು ನೋಡಿದರು, ಆಗಲಿಲ್ಲ. ಒಳಗಿನ ಕೋಣೆಯ ಕಡೆ ದನಿ ಎತ್ತಿ ಮಗಳನ್ನು ಕರೆದರು. "ಏ ಪುಟ್ಟೀ, ನನ್ನ ಕಂಪ್ಯೂಟರ್ ತಗೊಂಡ ಬಾ."

ಮಗಳು ಹೊರಗೆ ಬಂದಳು, ಕಣ್ಣು ಕೆಂಪಾಗಿತ್ತು. ಗೂಡಿನಿಂದ ಹಳೆಯ ಲ್ಯಾಪ್‌ಟಾಪ್ ತೆಗೆದು, ಧೂಳು ಒರೆಸಿ, ಚಾರ್ಜರ್ ಹಾಕಿ, ಮಂಚದ ಮೇಲೆ ತಾಯಿಯ ಕೈಗೆ ಎಟಕುವಂತೆ ತೆರೆದಿಟ್ಟಳು. ಬೆಳಕು ಮುಖದ ಮೇಲೆ ಬಿತ್ತು. ಆಂಟಿ ತಲೆಯನ್ನು ಈ ಕಡೆ ಆ ಕಡೆ ವಾಲಿಸಿ ಪರದೆಯನ್ನು ಕಣ್ಣಿನ ಅಂಚಿಗೆ ತರಲು ನೋಡಿದರು. ಏನೂ ಕಾಣುತ್ತಿಲ್ಲವೆಂದು ನಮಗಿಬ್ಬರಿಗೂ ಗೊತ್ತಾಯಿತು. ಅವರು ಕೀಲಿಗಳ ಮೇಲೆ ಒಂದು ಅಂಗೈ ಇಟ್ಟುಕೊಂಡು, "ನೋಡೂಣು ತಡಿ, ಎಲ್ಲಿಂದ ಸುರು ಮಾಡೂದು ಅಂತ" ಎಂದರು. ಅಷ್ಟರಲ್ಲಿ ನಿದ್ದೆ ಹತ್ತಿತು.

ಸಂಜೆಯವರೆಗೆ ಅಲ್ಲೇ ಕುಳಿತಿದ್ದೆ. ಮಗಳು ನನ್ನ ಜೊತೆ ಮಾತಾಡಲಿಲ್ಲ. ಅಡುಗೆಮನೆ, ಫೋನು, ಔಷಧಿ ಎಂದು ಓಡಾಡುತ್ತಿದ್ದವಳು, ಪರದೆ ಮಂಕಾಗುತ್ತಿದೆ ಎನ್ನುವಾಗ ಪ್ರತಿ ಸಲವೂ ಮಂಚದ ಬಳಿ ಬಂದು, ತಾಯಿಯ ಬೆರಳುಗಳನ್ನು ಅಲುಗಿಸದ ಹಾಗೆ, ತುದಿಯ ಒಂದು ಕೀಲಿಯನ್ನು ಮೆಲ್ಲಗೆ ಒತ್ತಿ ಹೋಗುತ್ತಿದ್ದಳು.